ದೊಡ್ಡಮ್ಮನ ಎದುರು ಓದಲಾಗದ ನಾಲ್ಕು ಸಾಲು

ಸಂಶೋಧನಾ ಪತ್ರಿಕೆಯ ಸಂಪಾದಕರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನನ್ನ ತಂಗಿ ಎಲ್ಲೂ ಕಾಣದ ಸಂಗತಿಯೊಂದನ್ನು ನೀವು ಅವಳ ಕೈಯಿಂದಲೇ ಬರೆಸಿದಿರಿ. ನನಗೆ ಹೇಸಿಗೆಯಾಗಿದೆ. ಇದನ್ನು ನಯವಾಗಿ ಹೇಳುವುದು ಹೇಗೆಂದು ಬಹಳ ಹೊತ್ತು ಯೋಚಿಸಿದೆ, ಹೊಳೆಯಲಿಲ್ಲ. ನಾನು ಏಳನೆಯ ತರಗತಿಯಲ್ಲಿ ಒಮ್ಮೆ, ಮತ್ತೆ ಸೇರಿಕೊಂಡು ಒಂಬತ್ತರಲ್ಲಿ ಇನ್ನೊಮ್ಮೆ ಶಾಲೆ ಬಿಟ್ಟವಳು. ಮನೆಯಲ್ಲಿ ಕೂತು ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಆದ್ದರಿಂದ ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ. ತಿದ್ದುವುದು ನಿಮ್ಮ ಕಸುಬು. ದಯವಿಟ್ಟು ಏನನ್ನೂ ಸೇರಿಸಬೇಡಿ.

ಈ ಪತ್ರದಿಂದಲೇ ಅವಳಿಗೆ ತೊಂದರೆಯಾದೀತೆಂಬ ಭಯದಲ್ಲಿ ಮೂರು ಸಲ ಹರಿದುಹಾಕಿದೆ. ಅವಳು ಕಾಲೇಜಿನಲ್ಲಿ ಗುತ್ತಿಗೆಯ ಮೇಲೆ ಪಾಠ ಮಾಡುತ್ತಾಳೆ. ನಿಮ್ಮಂಥ ಪತ್ರಿಕೆಯಲ್ಲಿ ಲೇಖನ ಬಂದರೆ ಮುಂದಿನ ವರ್ಷವೂ ಕೆಲಸ ಉಂಟು, ಇಲ್ಲವಾದರೆ ಇಲ್ಲ. "ಬರೀತೀಯಾದರೆ ಬರಿ ಅಕ್ಕ, ಆದರೆ ನನಗೆ ತೋರಿಸಬೇಡ, ಎದೆ ಹೊಡ್ಕೊಳ್ಳುತ್ತೆ" ಅಂದಳು. ನನ್ನ ಎದೆ ಯಾವಾಗಲೂ ಹೊಡೆದುಕೊಳ್ಳುವುದೇ, ಹಾಗಾಗಿ ಬರೆಯುತ್ತಿದ್ದೇನೆ.

ಅವಳ ಲೇಖನ ಇಸ್ಲಾಮಿ ಶಿಕ್ಷಣದ ಬಗ್ಗೆ. ದೊಡ್ಡ ಮಾತೇನಿಲ್ಲ, ನಮ್ಮ ದೊಡ್ಡಮ್ಮನ ಮುಂದಿನ ಕೋಣೆಯ ಬಗ್ಗೆ. ದೊಡ್ಡಮ್ಮ ಬೀದಿಯ ಹುಡುಗಿಯರಿಗೆ ಸಂಜೆ ಕುರ್‌ಆನ್ ಓದಲು ಕಲಿಸುತ್ತಾರೆ. ಹುಡುಗಿ ಎದುರು ಕೂತು ಓದಬೇಕು. ತಪ್ಪಿದರೆ ದೊಡ್ಡಮ್ಮನ ಉಂಗುರ ಮರದ ಸ್ಟೂಲಿನ ಮೇಲೆ 'ಟಕ್' ಎನ್ನುತ್ತದೆ. ತಪ್ಪು ಯಾವುದೆಂದು ಅವರು ಹೇಳುವುದಿಲ್ಲ, ಓದಿದವಳೇ ಹುಡುಕಬೇಕು. ಆ ಕೋಣೆಯಲ್ಲಿ ಇನ್ನೊಂದು ಪದ್ಧತಿಯುಂಟು. ಕೇಳಿಸಿಕೊಂಡದ್ದನ್ನು ಹೇಳಿಕೊಟ್ಟವರಿಗೇ ತಿರುಗಿ ಓದಿ ಒಪ್ಪಿಸಬೇಕು. ಅವರು 'ಹೂಂ' ಅಂದರೆ ಮಾತ್ರ ಅದನ್ನು ಇನ್ನೊಬ್ಬರಿಗೆ ಹೇಳುವ ಹಕ್ಕು. ಹಿಂದೆ ಗ್ರಂಥ ನಕಲು ಮಾಡುತ್ತಿದ್ದವರೂ ಹೀಗೆ ಗುರುವಿನೆದುರು ಓದಿ ಒಪ್ಪಿಸುತ್ತಿದ್ದರಂತೆ. ಅದಕ್ಕೆ ತಂಗಿ ಅಡಿಟಿಪ್ಪಣಿಯನ್ನೂ ಕೊಟ್ಟಿದ್ದಾಳೆ. ತನ್ನ ಲೇಖನವನ್ನೂ ಹಾಗೇ ಓದಿ ಒಪ್ಪಿಸುವೆನೆಂದು ಮಾತು ಕೊಟ್ಟ ಮೇಲೆಯೇ ಆ ಕೋಣೆಯಲ್ಲಿ ಕೂರಲು ಅವಳಿಗೆ ಅಪ್ಪಣೆ ಸಿಕ್ಕಿದ್ದು.

ನಿಮ್ಮ ನಿಯಮಗಳನ್ನು ಪಾಲಿಸಲು ಮನೆಮಂದಿಯೆಲ್ಲ ಒದ್ದಾಡಿದ್ದೇವೆ ಸ್ವಾಮಿ. ಅಂಚಿನಲ್ಲಿ ಇಷ್ಟು ಜಾಗ, ಸಾರಾಂಶಕ್ಕೆ ಇಷ್ಟೇ ಪದ, ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ, ಪ್ರಕಾಶಕರ ಹೆಸರು ನೆಟ್ಟಗೆ. ಎಲ್ಲ ಸರಿಮಾಡಿದ ಮೇಲೆ ನಿಯಮವೇ ಬದಲಾಗಿದೆ ಎಂದಿರಿ. ನನ್ನ ಹೊಲಿಗೆ ಯಂತ್ರದ ಮೇಲೂ ಹಾಳೆಗಳು. ಕಣ್ಣಿಗೆ ಬೀಳದ ತಪ್ಪು ಕಿವಿಗೆ ಬೀಳುತ್ತದೆಂದು ನಾನು ಅಲ್ಪವಿರಾಮವನ್ನೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದೆ, ಅವಳು ತಿದ್ದುತ್ತಿದ್ದಳು. ಅಲ್ಪವಿರಾಮಕ್ಕೂ ಇಷ್ಟು ಮರ್ಯಾದೆ ಕೊಡುವ ಜನ ಮನುಷ್ಯರಿಗೆ ಇನ್ನೆಷ್ಟು ಕೊಟ್ಟಾರು ಅಂದುಕೊಂಡಿದ್ದೆ.

ಆಮೇಲೆ, ಅಚ್ಚಿಗೆ ಮೊದಲು ಲೇಖನ ಓದಿ ತೂಗುವ ನಿಮ್ಮ ಪರಿಶೀಲಕರ ಅಭಿಪ್ರಾಯ ಬಂತು. "ಇಂಥ ಕೋಣೆಗಳಿಗೂ ಉಗ್ರವಾದಕ್ಕೂ ಇರುವ ನಂಟನ್ನು ಚರ್ಚಿಸದೆ ಅಧ್ಯಯನ ಪೂರ್ಣವಾಗದು." ಅದರ ಮೇಲೆ ನಿಮ್ಮದೊಂದು ಸಾಲು: "ಸಲಹೆಗಳನ್ನೆಲ್ಲ ಅಳವಡಿಸಿ ಕಳುಹಿಸಿ." ಡ್ರೈವಿಂಗ್ ಶಾಲೆಯ ಬಗ್ಗೆ ಬರೆದವರಿಗೂ, ದರೋಡೆಕೋರರ ಕಾರು ಓಡಿಸುವವರ ಬಗ್ಗೆ ಒಂದು ಪ್ಯಾರಾ ಸೇರಿಸಿ ಎನ್ನುತ್ತೀರಾ? ಅಥವಾ ಈ ಸೌಲಭ್ಯ ನಮಗೆ ಮಾತ್ರ ಮೀಸಲೇ?

ಭಯಪಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವವಳು ನಾನು. ಆ ಕೋಣೆಯ ಬಗ್ಗೆಯೂ ನನಗೆ ಭಯಗಳಿವೆ. ಬಾಗಿಲ ಪಕ್ಕದ ಸ್ವಿಚ್ಚು ಸಡಿಲವಾಗಿದೆ, ಯಾವುದಾದರೂ ಮಗು ಮುಟ್ಟೀತು. ಮೆಟ್ಟಿಲು ಜಾರುತ್ತದೆ. ಪಾಠ ಬಿಟ್ಟ ಮೇಲೆ ಹುಡುಗಿಯರು ಎಡಬಲ ನೋಡದೆ ರಸ್ತೆ ದಾಟುತ್ತಾರೆ. ದಿನವೂ ಆ ಕೋಣೆಗೆ ಹೋಗಿಬರುವ ನನ್ನಂಥ ಪುಕ್ಕಲಿಗೂ ಹೊಳೆಯದ ಭಯ, ಬೀದಿಯನ್ನೇ ಕಾಣದ ನಿಮ್ಮ ಪರಿಶೀಲಕರಿಗೆ ಕೂತಲ್ಲೇ ಹೊಳೆಯಿತಲ್ಲ, ಅದಕ್ಕೆ ಯಾವ ಗ್ರಂಥದ ಆಧಾರ? ಅಡಿಟಿಪ್ಪಣಿ ಎಲ್ಲಿ?

ತಂಗಿ ಹೆದರಿ ನಾಲ್ಕು ಸಾಲು ಬರೆದಳು. ಇಂಥ ಕೋಣೆಗಳು ಉಗ್ರವಾದದ ಮೊದಲ ಮೆಟ್ಟಿಲೆಂಬ ಅಭಿಪ್ರಾಯವಿದೆಯೆಂದೂ, ಈ ಕೋಣೆಯಲ್ಲಿ ಅಂಥದ್ದು ಕಾಣಲಿಲ್ಲವೆಂದೂ, ಆದರೂ ಹೆಚ್ಚಿನ ನಿಗಾ ಅಗತ್ಯವೆಂದೂ. ನಿಗಾ ಎಂಬ ಮಾತು ಬರೆಯುವಾಗ ಅವಳು ನನ್ನ ಮುಖ ನೋಡಲಿಲ್ಲ.

ಕೊಟ್ಟ ಮಾತಿನಂತೆ ದೊಡ್ಡಮ್ಮನಿಗೆ ಓದಿ ಹೇಳುವ ಸಂಜೆ ಬಂತು. ಓದಿದ್ದು ನಾನೇ. ಅಭ್ಯಾಸಬಲದಿಂದ "ಅಲ್ಪವಿರಾಮ, ಪುಟ, ಪೂರ್ಣವಿರಾಮ" ಎಂದೂ ಓದುತ್ತಿದ್ದೆ.

"ಏನೇ ಇದು, ಮಧ್ಯೆ ಮಧ್ಯೆ ಬಿಕ್ಕಳಿಕೆ? ನೀರು ಕುಡೀತೀಯಾ?" ಎಂದು ದೊಡ್ಡಮ್ಮ ನಕ್ಕರು.

ಆ ನಾಲ್ಕು ಸಾಲು ಬಂದವು. ಟಕ್.

ಮೊದಲಿನಿಂದ ಓದಿದೆ. ಟಕ್. ಮೂರನೆಯ ಸಲ ನನ್ನ ನಾಲಿಗೆಯೇ ಹೊರಳಲಿಲ್ಲ.

ತಂಗಿಯೇ ಹೇಳಿದಳು. "ಅದು ನನ್ನ ಮಾತಲ್ಲ ದೊಡ್ಡಮ್ಮ. ಪರಿಶೀಲಕರು ಸೇರಿಸು ಅಂದ್ರು."

"ಯಾರಮ್ಮ ಅವರು? ಯಾರ ಹತ್ರ ಕಲಿತೋರು?"

"ಗೊತ್ತಿಲ್ಲ. ಅವರ ಹೆಸರು ನಮಗೆ ಹೇಳಲ್ಲ. ಅದು ನಿಯಮ."

"ಇಲ್ಲಿಗೆ ಬಂದಿದ್ರಾ?"

"ಇಲ್ಲ."

ದೊಡ್ಡಮ್ಮ ಬೆರಳಿನ ಉಂಗುರ ತಿರುಗಿಸಿಕೊಂಡರು. "ಕಳಿಸು ಮಗಳೇ. ನಿನ್ನ ಕೆಲಸ ಉಳೀಲಿ. ಆದ್ರೆ ಈ ಕೋಣೇಲಿ ಕೂತು ಕಲಿತೆ ಅಂತ ಮಾತ್ರ ಬರೀಬೇಡ. ಆ ಸಾಲುಗಳನ್ನ ನಾನು ಹೇಳಿಕೊಟ್ಟಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಂಗಿ ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಆ ಸಾಲುಗಳನ್ನು ಹೊಡೆದುಹಾಕಿದಳು. ಪೆನ್ನು ಕಾಗದ ಹರಿಯುವಷ್ಟು ಒತ್ತಿತ್ತು. ಮತ್ತೆ ಓದಿದೆ. ಸ್ಟೂಲು ಸುಮ್ಮನಿತ್ತು. ಕೊನೆಯಲ್ಲಿ ದೊಡ್ಡಮ್ಮ 'ಹೂಂ' ಅಂದರು.

ಆ ಸಾಲುಗಳಿಲ್ಲದ ಪ್ರತಿ ಈಗ ನಿಮ್ಮ ಮೇಜಿನ ಮೇಲಿದೆ. "ಸಲಹೆ ಪಾಲಿಸಿಲ್ಲ" ಎಂದು ನೀವು ಒಂದೇ ಸಾಲಿನಲ್ಲಿ ತಳ್ಳಿಹಾಕಬಹುದು, ಅವಳ ಕೆಲಸವೂ ಹೋಗಬಹುದು. ಅದನ್ನು ನೆನೆದರೆ ಹೊಲಿಗೆ ಸೊಟ್ಟಗಾಗುತ್ತದೆ. ಆದರೂ ಆ ನಾಲ್ಕು ಸಾಲುಗಳನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಲು ನನ್ನಿಂದಾಗದು.

ನನ್ನ ಬೇಡಿಕೆ ಇಷ್ಟೇ. ಲೇಖನವನ್ನು ಇದ್ದ ಹಾಗೆ ಅಚ್ಚು ಮಾಡಿ. ಆ ಪ್ಯಾರಾ ಬೇಕೇ ಬೇಕೆಂದಾದರೆ ನಿಮ್ಮ ಪರಿಶೀಲಕರೇ ಬರೆದುಕೊಂಡು ಬರಲಿ. ಹೆಸರು ಹೇಳುವುದೂ ಬೇಡ, ಆ ನಿಯಮ ನಿಮಗೇ ಇರಲಿ. ಹುಡುಗಿಯರು ಕೂರುವ ಚಾಪೆಯ ಮೇಲೆ, ದೊಡ್ಡಮ್ಮನ ಎದುರು ಕೂತು ಗಟ್ಟಿಯಾಗಿ ಓದಲಿ. ಬರುವಾಗ ಮೆಟ್ಟಿಲು ಜಾರುತ್ತದೆ, ಜೋಪಾನ. 'ಟಕ್' ಅಂದರೆ ಮತ್ತೆ ಮೊದಲಿನಿಂದ ಓದಬೇಕು. ತಪ್ಪು ಯಾವುದೆಂದು ನಾವು ಯಾರೂ ಹೇಳಿಕೊಡುವುದಿಲ್ಲ.

ಇಂತಿ,
ಎರಡು ಸಲ ಶಾಲೆ ಬಿಟ್ಟರೂ ನಿಮ್ಮ ಅಲ್ಪವಿರಾಮಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುವ,
ಲೇಖಕಿಯ ಅಕ್ಕ