ದಾರಿಯಲ್ಲಿ ಹಾಕಿದ ಉರುಳು

ಮಾವನವರಿಗೆ,

ನಿಮ್ಮ ಸೊಸೆ ಸುಶೀಲ ಬರೆಯುತ್ತಿದ್ದೇನೆ. ಕಾಗದ ಅಂದಮೇಲೆ ಮೊದಲು ಕ್ಷೇಮಸಮಾಚಾರ ಕೇಳಬೇಕು. ಆದರೆ ನೀವು ಬದುಕಿದ್ದಾಗಲೇ ನಿಮ್ಮ ಕ್ಷೇಮ ಕೆಡಿಸಿದವಳು ನಾನು, ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ? ನೀವು ಹೋಗಿ ಆರು ವರ್ಷವಾಯಿತು. ನಿಮಗೆ ಒಂದು ಮಾತು ಹೇಳುವುದು ಬಾಕಿ ಉಳಿದಿದೆ. ಹೇಳಬೇಕಾದಾಗ ನೀವು ಜಗಲಿಯ ಮೇಲೇ ಕೂತಿರುತ್ತಿದ್ದಿರಿ, ಕೈಗೆಟುಕುವಷ್ಟು ಹತ್ತಿರ. ನಾನೇ ಬಾಯಿ ಬಿಡಲಿಲ್ಲ.

ನಾನು ಹೊಸಕೋಟೆ ಕಡೆಯಿಂದ ಮದುವೆಯಾಗಿ ಕೆ.ಆರ್. ಪುರದ ಹತ್ತಿರದ ನಿಮ್ಮ ಮನೆಗೆ ಬಂದ ಮೊದಲ ವಾರ ನಿಮಗೆ ನೆನಪಿದೆಯೇ? ಹಾಲು ಉಕ್ಕಿತೆಂದು ಸಿಟ್ಟು ಬಂದು ಪಾತ್ರೆಯನ್ನೇ ಕುಕ್ಕಿ ಸೊಟ್ಟ ಮಾಡಿದ್ದೆ. ಅತ್ತೆ ತೀರಿಕೊಂಡಿದ್ದ ಮನೆ, ಬಯ್ಯುವವರು ಯಾರೂ ಇರಲಿಲ್ಲ. ನೀವು ಆ ಸೊಟ್ಟ ಪಾತ್ರೆಯನ್ನು ತಿರುಗಿಸಿ ನೋಡಿ, "ಹಾಲು ಉಕ್ಕಿದ್ರೆ ಒಲೆ ಕಮ್ಮಿ ಮಾಡ್ಬೇಕು ಅಮ್ಮಣ್ಣಿ, ಪಾತ್ರೆಗೆ ಹೊಡೆದ್ರೆ ಅದೇನು ಮಾಡ್ತದೆ ಪಾಪ" ಅಂದಿರಿ. ಆಮೇಲೆ ಊರಿಗೆಲ್ಲ ನನ್ನ ಮೂಗಿನ ತುದಿಯ ಕೋಪದ ಕಥೆ ಹೇಳಿಕೊಂಡು ನಗುತ್ತಿದ್ದಿರಿ. ನನ್ನ ಅಪ್ಪ ಕೂಡ ನನ್ನ ಕೋಪವನ್ನು ಅಷ್ಟು ಸಲೀಸಾಗಿ ಸಹಿಸಿರಲಿಲ್ಲ.

ಉರುಳಿನ ತಂತಿಗೆಂದು ನಾವಿಬ್ಬರೂ ಟಿನ್ ಫ್ಯಾಕ್ಟರಿಯಿಂದ ಬಸ್ ಹತ್ತಿ ಶಿವಾಜಿನಗರದ ಗುಜರಿ ಅಂಗಡಿಗೆ ಹೋಗಿದ್ದೆವು. ಕೆರೆಯಂಗಳದ ನರಿ ಆ ವರ್ಷ ನಮ್ಮ ದೊಡ್ಡಿಯಿಂದ ಕುರಿಮರಿಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುತ್ತಿತ್ತು. ಹಳೇ ಸ್ಕೂಟರಿನ ಕ್ಲಚ್ ವೈರ್ ಕೇಳಿದ್ದಕ್ಕೆ ಅಂಗಡಿಯ ಭಾಯ್, "ಕ್ಯಾ ಗೌಡ್ರೆ, ಗಾಡಿ ಇಲ್ಲ ನಿಮ್ದು, ವೈರ್ ಕಾಯ್ಕು?" ಅಂದ. ನೀವು ಮುಖ ಗಂಟಿಕ್ಕಿಕೊಂಡೇ, "ನಮ್ಮೂರ ನರಿ ಸ್ಕೂಟರ್ ತಗೊಂಡೈತೆ ಭಾಯ್, ಕ್ಲಚ್ ಕಿತ್ತೋಗೈತಂತೆ" ಅಂದಿರಿ. ಬಸ್ಸಿನಲ್ಲಿ ಹಲಸೂರು ದಾಟುವವರೆಗೂ ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಇದ್ದೆ.

ಆ ತಂತಿಯನ್ನು ಎರಡು ದಿನ ಸಗಣಿಯಲ್ಲಿ ಹೂತಿಟ್ಟು, ಬೇವಿನ ಸೊಪ್ಪಿನ ಹೊಗೆ ಹಿಡಿಸಿ, ಮನುಷ್ಯರ ವಾಸನೆ ಹೋದಮೇಲೆ ನೀವು ಉರುಳು ಕಟ್ಟುವುದನ್ನು ಕಲಿಸಿದಿರಿ. ನೆಲದಿಂದ ಒಂದು ಗೇಣು ಮೇಲೆ ಕುಣಿಕೆ, ತಂತಿಯ ಇನ್ನೊಂದು ತುದಿ ಬಲವಾದ ಗೂಟಕ್ಕೆ. ಅದೆಲ್ಲ ಕೈಗೆ ಬೇಗ ಬಂತು. ಆದರೆ ನೀವು ಒತ್ತಿ ಹೇಳಿದ್ದು ಬೇರೆ. "ನರಿ ಕೊಂದಿದ್ದನ್ನ ತಿನ್ನೋಕೆ ಮತ್ತೆ ಬಂದೇ ಬರ್ತದೆ. ಹಂಗಂತ ಹೆಣದ ಪಕ್ಕ ಉರುಳು ಹಾಕ್ಬಾರ್ದು ಅಮ್ಮಣ್ಣಿ. ಹೆಣದ ಹತ್ರ ಹಸಿದೋರೆಲ್ಲ ಬರ್ತಾರೆ. ನಾಯಿ ಬರ್ತದೆ, ಮುಂಗುಸಿ ಬರ್ತದೆ. ಮೂವತ್ತು ಹೆಜ್ಜೆ ಆಚೆ, ನರಿ ಓಡಾಡೋ ದಾರೀಲಿ ಹಾಕು. ಬೆಳಕು ಹರಿಯೋಕೆ ಮುಂಚೆ ತೆಗೆದುಬಿಡು." ನಿಮ್ಮ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ, ಅವರಪ್ಪನೂ. ನರಿ ಹಿಡಿಯುವುದಕ್ಕೆ ಕಾಯ್ದೆ ಅಡ್ಡ ಬರುತ್ತದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ನಮಗೆ ಇದ್ದದ್ದು ಇದೊಂದೇ ಕಾಯ್ದೆ, ಅದನ್ನು ನೀವು ಒಮ್ಮೆಯೂ ಮುರಿದಿರಲಿಲ್ಲ.

ನನ್ನ ತವರಿನಿಂದ ಬಂದ ಕಪ್ಪು ಕುರಿಯನ್ನು ನರಿ ಕೊಂದ ದಿನ ನಾನು ಊಟ ಮಾಡಲಿಲ್ಲ. ಅದರ ಹೊಟ್ಟೆಯಲ್ಲಿ ಮರಿ ಇತ್ತು. ಕೆರೆ ಏರಿಯ ಕೆಳಗೆ ಅರ್ಧ ತಿಂದು ಬಿಟ್ಟುಹೋಗಿತ್ತು. ನೀವು ಹೆಣವನ್ನು ಅಲ್ಲೇ ಬಿಟ್ಟು, ಜಾಲಿ ಪೊದೆಗಳ ನಡುವಿನ ಸಣ್ಣ ದಾರಿಯಲ್ಲಿ ಉರುಳು ಹಾಕಿದಿರಿ. ಮೊದಲ ಸಂಜೆ ಹಾಕಿದ್ದು ಬೆಳಿಗ್ಗೆ ಖಾಲಿ. ಎರಡನೆಯ ಸಲವೂ ಖಾಲಿ, ಮೂರನೆಯ ಸಲವೂ. ಆದರೆ ಹೆಣ ಮಾತ್ರ ದಿನದಿನಕ್ಕೆ ಕರಗುತ್ತಿತ್ತು. ಆ ನರಿ ಬೇರೆ ಯಾವುದೋ ದಾರಿಯಿಂದ ಬಂದು ನನ್ನ ಕುರಿಯನ್ನು ಆರಾಮಾಗಿ ತಿಂದು ಹೋಗುತ್ತಿದೆ ಎಂದು ನೆನೆದರೇ ಮೈ ಉರಿಯುತ್ತಿತ್ತು. ನೀವು, "ಆತುರಗಾರನಿಗೆ ಬುದ್ಧಿ ಮಟ್ಟ. ಇನ್ನೊಂದೆರಡು ದಿನ ನೋಡಾನ" ಅಂದಿರಿ.

ನಾಲ್ಕನೆಯ ಸಂಜೆ ನೀವು ದಾರಿಯಲ್ಲಿ ಉರುಳು ಹಾಕಿ ಮನೆಗೆ ಹೊರಟಿರಿ. ನಾನು ಸೌದೆ ಆಯ್ದುಕೊಂಡು ಬರುತ್ತೇನೆ ಎಂದು ಹಿಂದೆ ಉಳಿದೆ. ನೀವು ಏರಿ ಹತ್ತಿ ಮರೆಯಾದ ಮೇಲೆ ಗೂಟ ಕಿತ್ತೆ. ತಂತಿ ತಂದು ಹೆಣದ ಪಕ್ಕದಲ್ಲೇ, ಎರಡು ಮೊಳ ದೂರದಲ್ಲಿ ನೆಟ್ಟೆ. ಬೆಳಿಗ್ಗೆ ನರಿ ಬಿದ್ದಿರುತ್ತದೆ, ಆಗ ನಿಮಗೆ ಹೇಳಿ ಜಂಬ ಪಡಬಹುದು ಅಂದುಕೊಂಡಿದ್ದೆ. ನಿಮ್ಮ ನಿಯಮ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಬೆಳಗಿನ ಜಾವ ನೀವು ನನಗಿಂತ ಮೊದಲು ಹೋಗಿದ್ದಿರಿ. ನಾನು ಬರುವ ಹೊತ್ತಿಗೆ ನೀವು ಜಾಲಿ ಪೊದೆಯ ದಾರಿಯಲ್ಲಿ ಬಗ್ಗಿ ಹುಡುಕುತ್ತಿದ್ದಿರಿ. "ಇಲ್ಲೇ ಹಾಕಿದ್ನಲ್ಲ ಅಮ್ಮಣ್ಣಿ, ಗೂಟಾನೇ ಕಾಣಿಸ್ತಿಲ್ಲ" ಅಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಆಚೆ ಕಡೆಯಿಂದ ನಾಯಿಯೊಂದು ಅರಚಿಕೊಂಡಿತು. ಫ್ಯಾಕ್ಟರಿ ಕಾಲೊನಿಯ ಗೋಪಿನಾಥ್ ಸಾರ್ ಬೆಳಿಗ್ಗೆ ಏರಿಯ ಮೇಲೆ ವಾಕಿಂಗ್ ಕರೆದುಕೊಂಡು ಬರುತ್ತಿದ್ದ ಅವರ ಜಾನಿ. ಹೆಣದ ವಾಸನೆ ಹಿಡಿದು ಇಳಿದಿತ್ತು. ಮುಂಗಾಲಿಗೆ ತಂತಿ ಬಿಗಿದಿತ್ತು, ಎಳೆದಾಡಿದಷ್ಟೂ ಬಿಗಿಯುತ್ತಿತ್ತು. ನೀವು ಹೆಗಲ ಟವೆಲ್ಲನ್ನು ಅದರ ಬಾಯಿಗೆ ಸುತ್ತಿ, ಕಚ್ಚಿಸಿಕೊಂಡೇ ತಂತಿ ಬಿಡಿಸಿದಿರಿ. ಕಾಲು ಮಾತ್ರ...

ಗೋಪಿನಾಥ್ ಸಾರ್ ಓಡಿ ಬಂದರು, ಹಿಂದೆಯೇ ವಾಕಿಂಗಿನವರು ನಾಲ್ಕು ಜನ. "ಇಲ್ಲಿ ಯಾರ್ರೀ ಇದನ್ನ ಹಾಕಿದ್ದು? ಸತ್ತ ಕುರಿ ಪಕ್ಕ ಹಾಕಿದ್ದೀರಲ್ಲ, ನಾಯಿ ಬರತ್ತೆ ಅಂತ ಗೊತ್ತಾಗಲ್ವಾ?" ಅಂದರು. ನೀವು ರಕ್ತದ ಕೈಯಲ್ಲೇ ಪೊದೆಯ ಕಡೆ ತೋರಿಸಿ, "ನಾನು ಹಾಕಿದ್ದು ಅಲ್ಲಿ ಸಾರ್, ದಾರೀಲಿ. ಇಲ್ಲಿಗೆ ಹೆಂಗೆ ಬಂತೋ" ಅಂದಿರಿ. ಎಲ್ಲರೂ ನನ್ನ ಕಡೆ ನೋಡಿದರು. ಆ ಗಳಿಗೆಯಲ್ಲಿ ನಾನು ಸುಮ್ಮನಿದ್ದಿದ್ದರೂ ಇಷ್ಟು ಪಾಪ ಸುತ್ತಿಕೊಳ್ಳುತ್ತಿರಲಿಲ್ಲ. ನಾನು ಹೇಳಿದ್ದು ಇದು: "ಇಲ್ಲ ಮಾವ, ನೀವು ಇಲ್ಲೇ ಹಾಕಿದ್ರಿ. ನಾನೇ ನೋಡ್ದೆ. ಮರ್ತಿದ್ದೀರ."

ಮರ್ತಿದ್ದೀರ ಎಂಬ ಆ ಒಂದು ಮಾತು ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿಯದು. ಅದರ ಅಗತ್ಯವೇ ಇರಲಿಲ್ಲ. ನೀವು ನನ್ನ ಮುಖ ನೋಡಿದಿರಿ. ಆಮೇಲೆ ನಿಮ್ಮ ಕೈ ನೋಡಿಕೊಂಡಿರಿ. "ಹೌದೇನಮ್ಮಾ?" ಎಂದು ಮೆಲ್ಲಗೆ ಕೇಳಿದಿರಿ. ನಾನು ಹೌದು ಅಂದೆ. ನೀವು ಗೋಪಿನಾಥ್ ಸಾರ್ ಮುಂದೆ ಕೈಮುಗಿದು ನಿಂತಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವತ್ತು ನನ್ನ ಮಾತಿನಿಂದ ಒಡೆದದ್ದು ನೀವು.

ಆ ತಿಂಗಳಿಂದಲೇ ನೀವು ಪ್ರತಿಯೊಂದನ್ನೂ ನನ್ನಲ್ಲಿ ಕೇಳಲು ಶುರುಮಾಡಿದಿರಿ. ದೊಡ್ಡಿ ಬಾಗಿಲು ಹಾಕಿದ್ನಾ ಅಮ್ಮಣ್ಣಿ? ಇವತ್ತು ಶನಿವಾರ ತಾನೇ? ಮಾತ್ರೆ ತಗೊಂಡ್ನಾ? ಹಾಕಿರುತ್ತಿದ್ದಿರಿ, ಶನಿವಾರವೇ ಆಗಿರುತ್ತಿತ್ತು, ಮಾತ್ರೆಯೂ ತೆಗೆದುಕೊಂಡಿರುತ್ತಿದ್ದಿರಿ. ಜಾನಿಯ ಒಂದು ಕಾಲು ತೆಗೆದರು ಎಂದು ತಿಳಿದ ಮೇಲೆ ಕುರಿಗಳನ್ನೂ ಕೊಟ್ಟುಬಿಟ್ಟಿರಿ, ಇನ್ನು ನನ್ನ ಕೈಯಲ್ಲಿ ಆಗೋದಿಲ್ಲ ಅಂದಿರಿ. ನಿಮ್ಮ ಮಗ ಬೀರುವಿನ ಬೀಗದ ಕೈಯನ್ನು ನಿಮ್ಮ ಉಡಿದಾರದಿಂದ ಬಿಚ್ಚಿ ನನಗೆ ಕೊಟ್ಟರು. ನಾನು ಅದನ್ನು ತೆಗೆದುಕೊಂಡೆ.

ಹಲಸೂರಿನ ಡಾಕ್ಟರ ಹತ್ತಿರ ನಿಮ್ಮನ್ನು ಕರೆದುಕೊಂಡು ಹೋಗಿದ್ದು ನೆನೆದರೆ ಈಗಲೂ ತಲೆ ಎತ್ತಲಾಗುವುದಿಲ್ಲ. ಅವರು ನಿಮಗೆ ಐದು ಪದ ಹೇಳಿ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದರು. ಐದನ್ನೂ ಹೇಳಿದಿರಿ. ನೂರರಿಂದ ಏಳೇಳು ಕಳೆಯಿರಿ ಅಂದರು, ನೀವು ಅವರಿಗಿಂತ ಬೇಗ ಕಳೆದಿರಿ. ಡಾಕ್ಟರು ನಕ್ಕು, "ಇವರಿಗೇನೂ ಆಗಿಲ್ಲಮ್ಮ, ನನಗಿಂತ ಚೆನ್ನಾಗಿದ್ದಾರೆ" ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ನೀವು ನನಗೆ ಸಮಾಧಾನ ಹೇಳಿದಿರಿ. "ಡಾಕ್ಟ್ರು ಒಳ್ಳೇರು, ನಂಗೆ ಬೇಜಾರು ಮಾಡ್ಬಾರ್ದು ಅಂತ ಹಂಗಂದ್ರು. ನೀನು ಕಣ್ಣಾರೆ ನೋಡಿದ್ಯಲ್ಲ." ಬಸ್ ಸ್ಟಾಪಿನ ತನಕ ನಿಮ್ಮ ಕೈ ಹಿಡಿದುಕೊಂಡೇ ನಡೆದೆ. ದಾರಿಯಲ್ಲಿ ಎದುರಾದವರು ನನ್ನನ್ನು ಒಳ್ಳೆಯ ಸೊಸೆ ಅಂದುಕೊಂಡಿರಬೇಕು.

ನೀವು ಕಡೆಯ ಸಲ ಜ್ವರದಲ್ಲಿ ಮಲಗಿದ್ದಾಗ ಹೇಳಿಬಿಡೋಣ ಎಂದು ಪಕ್ಕದಲ್ಲಿ ಕೂತೆ. ಗಂಜಿ ಕುಡಿಸಿದೆ. ಬಾಯಿ ಒರೆಸಿದೆ. ಈಗ ಹೇಳಿದರೆ ನಿಮಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಮ್ಮ ನೋವಿನ ಯೋಚನೆಯೇ ಅದು? ಅಲ್ಲ. ನೀವು ನನ್ನನ್ನು ಹೇಗೆ ನೋಡುತ್ತೀರೋ ಎಂಬ ಭಯ. ಮರುದಿನ ಮಧ್ಯಾಹ್ನ ನೀವು ಹೋಗಿಬಿಟ್ಟಿರಿ.

ಕಳೆದ ತಿಂಗಳು ನಿಮ್ಮ ಮಗ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದಾಗ ನಮ್ಮ ಮಗಳು ನಗುತ್ತಾ, "ಅಪ್ಪಂಗೂ ತಾತನ ಮರೆವು ಬಂತು" ಅಂದಳು. ಅವಳು ನಿಮ್ಮನ್ನು ನೋಡಿದ್ದು ತೀರಾ ಚಿಕ್ಕವಳಿದ್ದಾಗ. ನಿಮ್ಮ ಬಗ್ಗೆ ಅವಳಿಗೆ ಗೊತ್ತಿರುವುದು ಅದೊಂದೇ. ಕೈಯಲ್ಲಿದ್ದ ಪಲ್ಯದ ಬಟ್ಟಲನ್ನು ಕೆಳಗಿಟ್ಟು ಅಲ್ಲೇ, ಇಬ್ಬರ ಎದುರಿಗೂ ಎಲ್ಲ ಹೇಳಿದೆ. ನಿಮ್ಮ ಮಗ ಹುಡುಕುವುದನ್ನು ನಿಲ್ಲಿಸಿ ಕೂತರು. ಆಮೇಲೆ, "ಅಪ್ಪಂಗೆ ಹೇಳಿದ್ಯಾ?" ಅಂದರು. ಇಲ್ಲ ಅಂದೆ. "ಮತ್ತೆ ನಮಗೆ ಹೇಳಿ ಏನು ಬಂತು?" ಎಂದು ಎದ್ದು ಹೋದರು. ಅವರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಇರಲಿ, ಅದು ನ್ಯಾಯವೇ.

ಹೋದ ಭಾನುವಾರ ಗೋಪಿನಾಥ್ ಸಾರ್ ಮನೆ ಹುಡುಕಿಕೊಂಡು ಹೋದೆ. ಕಾಲೊನಿ ಬಿಟ್ಟು ಈಗ ಬಾಣಸವಾಡಿಯಲ್ಲಿ ಮಗಳ ಜೊತೆ ಇದ್ದಾರೆ. ಜಾನಿ ಮೂರು ಕಾಲಿನಲ್ಲೇ ನಾಲ್ಕು ವರ್ಷ ಬದುಕಿತ್ತಂತೆ. ಉರುಳು ಹೆಣದ ಪಕ್ಕ ಹಾಕಿದ್ದು ನಾನು, ನಮ್ಮ ಮಾವ ಅಲ್ಲ, ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟು, "ನಿಮ್ಮ ಮಾವ ಪ್ರತಿ ಭಾನುವಾರ ನಮ್ಮ ಗೇಟ್ ಹತ್ರ ಬರೋರು, ನಿಮಗೆ ಗೊತ್ತಾ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ ಮಾವ. ಒಗೆದ ಶರ್ಟು ಹಾಕಿಕೊಂಡು ಅರಳಿಕಟ್ಟೆಗೆ ಹೋಗುತ್ತೀರಿ ಅಂದುಕೊಂಡಿದ್ದೆ.

"ಬಂದು ಕೈಮುಗಿದು, ತಪ್ಪಾಯ್ತು ಸಾರ್ ಅನ್ನೋರು. ಹೋದ ವಾರವೇ ಹೇಳಿದ್ರಲ್ಲ ಯಜಮಾನ್ರೆ ಅಂದ್ರೆ, ಹೇಳಿದೀನಿ ಅಂತಾನೇ ನೆನಪು, ಆದ್ರೆ ನನ್ನ ನೆನಪನ್ನ ನಂಬಂಗಿಲ್ಲ ಸಾರ್, ಅದಕ್ಕೇ ಬಂದೆ ಅನ್ನೋರು. ಜಾನಿ ಅವರ ಕಾಲು ನೆಕ್ಕೋದು. ಆದ್ರೂ ಬರೋದು ಬಿಡ್ಲಿಲ್ಲ. ಒಂದ್ಸಲ ನಾನೇ ಕೇಳ್ದೆ, ದಾರೀಲಿ ಹಾಕಿದ್ದು ನಿಮಗೆ ಅಷ್ಟು ಚೆನ್ನಾಗಿ ನೆನಪಿದ್ರೆ, ನಿಮ್ಮ ಸೊಸೇನೇ ಸುಳ್ಳು ಹೇಳಿರಬಹುದಲ್ವಾ ಅಂತ. ಅವರಿಗೆ ಸಿಟ್ಟು ಬಂದಿದ್ದು ನಾನು ನೋಡಿದ್ದು ಅವತ್ತೊಂದೇ ದಿನ. ಆ ಮಾತು ಆಡ್ಬೇಡಿ ಸಾರ್, ನಮ್ಮ ಸೊಸೆಗೆ ಕೋಪ ಐತೆ, ಸುಳ್ಳಿಲ್ಲ ಅಂದ್ರು."

ಸುಳ್ಳಿತ್ತು ಮಾವ. ನಿಮಗೆ ಮರೆವು ಇರಲಿಲ್ಲ. ನೀವು ಉರುಳು ಹಾಕಿದ್ದು ದಾರಿಯಲ್ಲೇ.

ಸುಶೀಲ