ಶೇವಂತಾಬಾಯಿಯ ಹನ್ನೆರಡು ವರ್ಷ

ಹುಮನಾಬಾದ್
೧೨ ಆಗಸ್ಟ್ ೧೯೮೧

ಕರಿ ಕೋಟು ತೊಡಲಿರುವ ದ್ರೌಪತಿಗೆ ನಾಗನಾಥ ಕಾಕಾನ ಆಶೀರ್ವಾದ.

ಗುಲಬರ್ಗಾದಿಂದ ನೀನು ಬರೆದ ಕಾಗದ ಸೋಮವಾರ ಕೈಸೇರಿತು. ವಕೀಲಿ ಪರೀಕ್ಷೆ ಪಾಸಾದ ಸುದ್ದಿ ಓದಿ ಕಚೇರಿಯಲ್ಲಿ ಎಲ್ಲರಿಗೂ ಪೇಢೆ ಹಂಚಿದೆ. ಆಮೇಲೆ ಎರಡನೇ ಪುಟ ಓದಿದೆ. ನನ್ನ ಕೈಕೆಳಗೇ ಜೂನಿಯರ್ ಆಗಿ ಸೇರುತ್ತೇನೆ, ಸಾಯುವ ಮುಂಚೆ ಅವ್ವ ಹಾಗೇ ಹೇಳಿದ್ದಾಳೆ ಎಂದು ಬರೆದಿದ್ದೀಯ. ‘ಖರೇ ಹೇಳಿದ ವಕೀಲ್ರು ಅವರೊಬ್ರ’ ಎಂದಳಂತೆ. ಅದನ್ನು ಓದಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಮೂರು ಸಲ ಉತ್ತರ ಬರೆದು ಹರಿದೆ. ಇದು ನಾಲ್ಕನೆಯದು.

೧೯೬೧ರಲ್ಲಿ ನಾನು ಬಸವಕಲ್ಯಾಣದ ಮಹಾರುದ್ರಪ್ಪ ವಕೀಲರ ಬಳಿ ಜೂನಿಯರ್ ಆಗಿದ್ದೆ. ಕೋಟು ಹೊಸದು, ಗತ್ತು ಕೋಟಿಗಿಂತ ದೊಡ್ಡದು. ಅವರಲ್ಲೊಂದು ಪದ್ಧತಿಯಿತ್ತು. ಜೂನಿಯರ್ ಆದವನು ತನ್ನ ಮೊದಲ ಕೇಸನ್ನು ಬಡವರೊಬ್ಬರಿಗೆ ಪುಕ್ಕಟೆ ನಡೆಸಬೇಕು, ಅದರಲ್ಲಿ ಹಿರಿಯರು ಕೈ ಹಾಕುವುದಿಲ್ಲ. ‘ಇದು ನಿನ್ನ ದೀಕ್ಷಾ ಅಂತ ತಿಳಕೋ’ ಎನ್ನುತ್ತಿದ್ದರು. ಆ ಫೆಬ್ರವರಿಯಲ್ಲಿ ನನ್ನ ಪಾಲಿಗೆ ಬಂದವಳು ನಿಮ್ಮವ್ವ ಶೇವಂತಾಬಾಯಿ.

ಮಂಠಾಳದಲ್ಲಿ ಅವಳ ಅಪ್ಪ, ನಿನ್ನ ಮುತ್ಯಾ ದೇವಿದಾಸನ ನಾಲ್ಕು ಎಕರೆ ಹೊಲವಿತ್ತು. ಮುತ್ಯಾ ಸತ್ತ ವರ್ಷವೇ ಪಕ್ಕದ ಹೊಲದವನು ಬದು ಕೆಡವಿ ತನ್ನ ನೇಗಿಲು ಹೂಡಿಬಿಟ್ಟ. ಅಂಥ ಹೊಲಕ್ಕೆ ಹನ್ನೆರಡು ವರ್ಷದೊಳಗೆ ದಾವೆ ಹಾಕಬೇಕು, ದಾಟಿದರೆ ಅದು ಹಿಡಿದವನ ಪಾಲು. ಇದನ್ನು ನಿನಗೆ ನಾನು ಕಲಿಸಬೇಕಿಲ್ಲ. ನೇಗಿಲು ಹೂಡಿದ ದಿನದ ಪಂಚನಾಮೆಯನ್ನು ನಿಮ್ಮವ್ವ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಉರ್ದುವಿನಲ್ಲಿತ್ತು. ನಮ್ಮ ಗುಮಾಸ್ತ ಶಂಶುದ್ದೀನ್ ಸಾಹೇಬರು ಓದಿ ಹೇಳಿದರು: ಖುರ್ದಾದ್ ತಿಂಗಳ ಹತ್ತು, ಫಸಲಿ ೧೩೫೮.

ನಿಜಾಮನ ಕಾಲದ ಫಸಲಿ ವರ್ಷಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆಂದು ಕೇಳಿದ್ದೆ. ಕೂಡಿಸಿದೆ. ೧೯೪೮ ಬಂತು. ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ‘ಲೆಕ್ಕ ನಮಗೂ ಬರ್ತದ್ರಿ’ ಎಂದುಬಿಟ್ಟೆ. ಅವಧಿ ಮುಗಿದು ಹತ್ತು ತಿಂಗಳಾಯಿತು, ಕೋರ್ಟಿಗೆ ಹೋಗಿ ಪ್ರಯೋಜನವಿಲ್ಲ ಎಂದು ನಿಮ್ಮವ್ವನಿಗೆ ಹೇಳಿದೆ. ಅವಳು ಅಳಲಿಲ್ಲ. ‘ಬ್ಯಾರೇ ವಕೀಲ್ರಾಗಿದ್ರ ತಾರೀಖ್ ಮ್ಯಾಲ ತಾರೀಖ್ ಹಾಕಿ ಓಡಾಡಸ್ತಿದ್ರು. ನೀವು ಒಂದ ಮಾತಿನಾಗ ಖರೇ ಹೇಳಿದ್ರಿ’ ಎಂದು ಕೈ ಮುಗಿದು ಹೋದಳು.

ಲೆಕ್ಕ ತಪ್ಪಾಗಿತ್ತು, ದ್ರೌಪತಿ. ಫಸಲಿ ವರ್ಷ ನಮ್ಮ ಕಡೆ ಅಕ್ಟೋಬರಿಗೆ ಶುರುವಾಗುತ್ತಿತ್ತು. ಜನವರಿಯಿಂದ ಮುಂದಿನ ತಿಂಗಳುಗಳಿಗೆ ಐನೂರ ತೊಂಬತ್ತೊಂದು ಕೂಡಿಸಬೇಕು. ಖುರ್ದಾದ್ ಹತ್ತು ಎಂದರೆ ಏಪ್ರಿಲ್ ಹದಿನಾಲ್ಕು. ನೇಗಿಲು ಹೂಡಿದ್ದು ೧೯೪೯ರ ಏಪ್ರಿಲ್‌ನಲ್ಲಿ. ನಿಮ್ಮವ್ವ ನನ್ನೆದುರು ಕುಳಿತ ದಿನ ಇನ್ನೂ ಎರಡು ತಿಂಗಳು ಬಾಕಿಯಿದ್ದವು. ಜೂನ್‌ನಲ್ಲಿ, ರಜೆ ಮುಗಿದು ಕೋರ್ಟು ತೆರೆದ ಮೇಲೆ, ಬೇರೊಂದು ಕಾಗದ ನೋಡುತ್ತ ಸಾಹೇಬರು ಇದನ್ನು ಬಿಡಿಸಿ ಹೇಳಿದರು. ಅಷ್ಟರಲ್ಲಿ ಕಾಲ ಮೀರಿತ್ತು. ಇನ್ನು ಹೇಳಿ ಏನು ಫಲ ಎಂದು ಸುಮ್ಮನಾದೆ.

ನಿಮ್ಮವ್ವ ತನ್ನ ಅಪ್ಪನ ಹೊಲದಲ್ಲೇ ಕೂಲಿ ಮಾಡಿದಳು. ಆ ಕಡೆ ಹೋಗುವಾಗ ನಾನು ಬಸ್ಸಿನಲ್ಲಿ ಹೊಲ ಕಾಣದ ಬದಿಗೆ ಕೂರುತ್ತೇನೆ. ಆದರೂ ಬಗ್ಗಿ ಕಳೆ ಕೀಳುವ ಬೆನ್ನು ಕಾಣುತ್ತದೆ. ಏಪ್ರಿಲ್ ಬಂತೆಂದರೆ ವಾದ ಮಾಡುವಾಗ ಬಾಯಿ ಒಣಗುತ್ತದೆ. ಅವಳು ಸತ್ತ ಸುದ್ದಿ ಬಂದಾಗ, ಹೇಳಲು ನಾಚಿಕೆ, ಇನ್ನಾದರೂ ನನ್ನನ್ನು ಬಿಟ್ಟಳು ಎಂದು ಹಗುರಾಯಿತು. ಬಿಟ್ಟಿಲ್ಲ. ಮೊನ್ನೆ ನಡುಮಧ್ಯಾಹ್ನ ಸಾಕ್ಷಿ ಕಟ್ಟೆಯ ಪಕ್ಕ ನಿಂತು ನನಗೆ ಕೈ ಮುಗಿದಳು. ಕೇಳುತ್ತಿದ್ದ ಪ್ರಶ್ನೆ ಮರೆತು ನಿಂತೆ. ‘ಮೈಯಾಗ ಹುಷಾರಿಲ್ಲೇನ್ರಿ?’ ಎಂದು ಜಡ್ಜರು ಕೇಳಿದರು.

ಇಷ್ಟು ವರ್ಷ ನಿನಗೆ ಪುಸ್ತಕ ಕಳಿಸಿದ್ದು ಅಕ್ಕರೆಯಿಂದಲೇ ಎಂದು ನಂಬಿಕೊಂಡಿದ್ದೆ. ಈಗ ಅದರ ಮೇಲೂ ನನಗೆ ಅನುಮಾನ. ನೀನು ಬಂದರೆ ನನ್ನ ಪಕ್ಕದ ಮೇಜು ನಿನ್ನದು. ಬೇಡವೆನಿಸಿದರೆ ಬೀದರಿನ ಒಳ್ಳೆಯ ವಕೀಲರೊಬ್ಬರಿಗೆ ಬರೆದುಕೊಡುತ್ತೇನೆ, ಕಾರಣ ಕೇಳುವುದಿಲ್ಲ.

ಕಾಕಾ ಎಂದು ನೀನು ಕರೆಯುತ್ತಿದ್ದ,
ನಾಗನಾಥ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಜೂನ್ ಎಂದು ಬರೆದದ್ದು ಸುಳ್ಳು. ಸಾಹೇಬರು ಹೇಳಿದ್ದು ಏಪ್ರಿಲ್ ಮೂರರಂದು. ಇನ್ನೂ ಹನ್ನೊಂದು ದಿನ ಉಳಿದಿದ್ದವು. ಮರುದಿನವೇ ಬಸ್ಸು ಹತ್ತಿ ಮಂಠಾಳಕ್ಕೆ ಹೋದೆ. ನಿಮ್ಮವ್ವ ಹೊರಸು ಹಾಕಿ ಕೂರಿಸಿದಳು. ಕೇರಿಯವರನ್ನೆಲ್ಲ ಕರೆದು, ‘ನೋಡ್ರಿ, ಸುಳ್ಳ ಹೇಳದ ವಕೀಲ್ರು ಇವರ’ ಎಂದಳು. ಅಷ್ಟು ಜನರೆದುರು ತಪ್ಪಾಯಿತೆನ್ನಲು ನನಗೆ ನಾಲಿಗೆ ಏಳಲಿಲ್ಲ. ಯಾಕೆ ಬಂದಿರಿ ಎಂದು ಕೇಳಿದಳು. ಮೋರಖಂಡಿಗೆ ಹೊರಟಿದ್ದೆ, ದಾರಿಯಲ್ಲಿ ಇಳಿದೆ ಎಂದೆ. ಅವಳು ಕೊಟ್ಟ ನೀರು ಕುಡಿದು ತಿರುಗಿ ಬಂದೆ.