ತೀಡಿದರೆ ಬಿಡದ ಎಲುಬು

೧೨-೮-೨೦೦೩, ಮಂಗಳವಾರ

ಹುಟ್ಟಿದಾಗಿನಿಂದ ನನ್ನ ಕೂಸಿನ ತಲೆ ದೋಣಿಯಂತೆ ಉದ್ದ. ನಾನು ಎಣ್ಣೆ ಹಚ್ಚಿ ಸರಿಯಾಗಿ ತೀಡಲಿಲ್ಲವಂತೆ. ಅತ್ತೆ ಓಣಿಗೆಲ್ಲ ಹೇಳಿ ಬಂದರು. ಆಮೇಲೆ ದಿನಾ ಎರೆಯುವಾಗ ತಾವೇ ಒತ್ತಿ ಒತ್ತಿ ತೀಡಿದರು. ಕೂಸು ಕಿರುಚುತ್ತಿತ್ತು.

ಇವತ್ತು ಸತ್ತೂರಿನ ದೊಡ್ಡ ದವಾಖಾನೆಯ ಡಾಕ್ಟರು ಅಂದರು: "ಹೊಟ್ಟ್ಯಾಗಿದ್ದಾಗನ ತಲಿ ಎಲುಬು ಕೂಡ್ಯಾವವ್ವಾ. ತೀಡಿದ್ರ ಬಿಡೂದಿಲ್ಲ. ಈಗ ಇದಕ್ಕ ಆಪರೇಷನ್ ಬಂದೈತಿ, ಬಿಡಸ್ತೇವಿ."

ಬಸ್ಸಿನಲ್ಲಿ ಗಂಡನ ಮಾತು: "ಅವ್ವಗ ಹೇಳಬ್ಯಾಡ. ಮನಸಿಗೆ ಹಚ್ಕೋತಾಳ."

ಅವರವ್ವನಿಗೆ ಮನಸ್ಸಿದೆ. ಇಷ್ಟು ದಿನ ನನಗಿದ್ದದ್ದೇನು, ಬಂಡೆಗಲ್ಲೇ?

ಸಂಜೆ ಅತ್ತೆ ಎಣ್ಣೆಯ ಬಟ್ಟಲು ಹಿಡಿದು ಬಂದರು. "ಕೂಸಿನ್ನ ಕೊಡೂದಿಲ್ರಿ" ಎಂದು ಬಚ್ಚಲ ಬಾಗಿಲು ಹಾಕಿಕೊಂಡೆ. ನಾನೇ ಎರೆದೆ. ತಲೆ ಒತ್ತಲಿಲ್ಲ. ಕೂಸು ಅಳಲೇ ಇಲ್ಲ.

ಹೊರಗೆ ನಿಂತವರಿಗೆ ಆ ಮೌನ ಕೇಳಿಸಿರಬೇಕು. ಕೇಳಿಸಲಿ.